ಆರಿಸುವುದು

ಪ್ಲೈವುಡ್ ಪೆಟ್ಟಿಗೆ ಮುಗಿದು ಹದಿನೆಂಟು ದಿನ.
ಗ್ಯಾರೇಜಿನಲ್ಲಿ ನಿಂತಿದೆ, ಮುಖವಿಲ್ಲದೆ.
ಕೋಲು ಕೂರಿಸಿದ್ದೇನೆ, ಆರು ಗುಂಡಿ, ನಾಣ್ಯ ನುಂಗುವ ಬಾಯಿ;
ಮುಖದ ಜಾಗದಲ್ಲಿ ಚೌಕ ತೂತು.
ಪಾಲೀನ್ ಅದರೊಳಗೆ ತಲೆ ತೂರಿಸಿ
ವಾರ್ತೆ ಓದಿದಳು:
ಕ್ಲೀಥಾರ್ಪ್ಸಿನಲ್ಲಿ ಇಂದು ಗಾಳಿ, ನಾಳೆಯೂ ಗಾಳಿ,
ಗಂಡಂದಿರು ಊಟಕ್ಕೆ ಒಳಗೆ ಬರತಕ್ಕದ್ದು.

ಗ್ರಿಮ್ಸ್‌ಬಿ ಅಂಗಡಿಯ ಹುಡುಗ ತೋರಿಸಿದ್ದು ಚಪ್ಪಟೆ ಪರದೆ.
ಎರಡು ಬೆರಳಲ್ಲಿ ಎತ್ತಿದ, ಹಪ್ಪಳ ಎತ್ತಿದ ಹಾಗೆ.
ಹಳೇ ಕಾಲದ ಅಡ್ಡಗೆರೆ ಬೇಕೆ? ಅದೂ ಇದೆ, ಇಲ್ಲಿ ಒತ್ತಿ.
ಒತ್ತಿದೆ. ಬಂದವು ಸಾಲು ಸಾಲು,
ನಾಟಕದ ಹುಡುಗ ಮೀಸೆಗೆ ಬಳಿದುಕೊಂಡ ಬಿಳಿಯ ಹಾಗೆ.
ಗುಂಡಿ ಒತ್ತಿದರೆ ಎಷ್ಟು ತಡ? ಅಂದೆ.
ರೆಪ್ಪೆ ಬಡಿಯುವಷ್ಟೂ ಇಲ್ಲ ಸರ್, ಅಂದ.
ಅವನ ಕಣ್ಣು ನನ್ನ ಬೆರಳ ಗಂಟುಗಳವರೆಗೆ
ಹೋಗಿ ಬಂತು.

ನಾರ್ಮನ್ ಟಾಸ್ಕರ್‌ನ ಶೆಡ್ಡಿನಲ್ಲಿ ಗಾಜಿನ ಕೊಳವೆಗಳು
ಕುಂಬಾರನ ಬಾನಿಗಳಂತೆ, ಹೊಟ್ಟೆ ಗೋಡೆಗೆ.
ನಲವತ್ತು ವರ್ಷ ಕಡಲದಂಡೆಯ ಆಟದ ಯಂತ್ರಗಳಿಗೆ
ಔಷಧಿ ಕೊಟ್ಟ ಮನುಷ್ಯ.
ಇದು ಹತ್ತೊಂಬತ್ತು ಇಂಚು. ಇದು ಇಪ್ಪತ್ತೈದು:
ಎತ್ತಲು ಇಬ್ಬರು ಬೇಕು, ಇಳಿಸಲು ಡಾಕ್ಟರು.

ಹತ್ತೊಂಬತ್ತನ್ನು ಬೆಳಕಿಗೆ ವಾಲಿಸಿದ.
ಆರಿದ ಗಾಜಿನ ಮೇಲೆ ಮಸುಕಾಗಿ ಓಣಿಗಳು, ತಿರುವುಗಳು;
ವರ್ಷಗಟ್ಟಲೆ ಒಂದೇ ಆಟ ಉರಿದು ಉರಿದು
ಬಾಣಲೆಯ ತಳ ಹಿಡಿದ ಕರಿಯಂತೆ ನಿಂತಿದೆ,
ತಿಕ್ಕಿದರೆ ಹೋಗದು.
ಎಲ್ಲಿಯದು? ಅಂದೆ.
ಮೇಬಲ್‌ಥಾರ್ಪ್ ಇರಬಹುದು. ಸ್ಕೆಗ್‌ನೆಸ್ ಇರಬಹುದು.

ಈ ದಂಡೆಯದು ಅನ್ನಲಿಲ್ಲ.

ಎಂಬತ್ತೆರಡರಲ್ಲಿ ನಮ್ಮ ಹಡಗು ಹನ್ನೊಂದು ದಿನ ಇಲ್ಲಿ ಕಟ್ಟಿತ್ತು.
ನಾನು ಅಡುಗೆಯವ. ಸಂಬಳವೆಲ್ಲ ಹತ್ತು ಪೆನ್ನಿಯ ನಾಣ್ಯ.
ಗೆದ್ದವನ ಹೆಸರಿಗೆ ಯಂತ್ರ ಕೊಟ್ಟದ್ದು ಮೂರೇ ಮನೆ;
ಜಟ್ಟಪ್ಪ ಹಿಡಿಸಲಿಲ್ಲ.
ಜೆ, ಎ, ಟಿ.
ನಾಲ್ಕು ದಿನ ಎಲ್ಲರ ನೆತ್ತಿಯ ಮೇಲಿದ್ದೆ,
ಐದನೆಯ ದಿನ ಕಸ ಗುಡಿಸುವವಳು ಪ್ಲಗ್ ಕಿತ್ತಳು.

ಹೂಂ, ಆರಿಸು, ಎಂದ ನಾರ್ಮನ್ ಅವನ ಭಾಷೆಯಲ್ಲಿ.
ನನ್ನದರಲ್ಲಿ ಅದೇ ಮಾತು
ಅಕ್ಕಿಯ ಕಲ್ಲು ಹೆಕ್ಕುವುದು, ಒದ್ದೆ ಅಂಗಿ ಗಾಳಿಗೆ ಹರಡುವುದು,
ದೀಪ ನಂದಿಸುವುದು.
ದೀಪಕ್ಕೆ ಮಾತ್ರ ಅದನ್ನು ಆಡಗೊಡುತ್ತಿರಲಿಲ್ಲ ಅಮ್ಮ.
ದೊಡ್ಡದು ಮಾಡು ಅನ್ನಬೇಕು, ಅನ್ನುತ್ತಿದ್ದಳು ಗಂಗೊಳ್ಳಿಯಲ್ಲಿ,
ಅಂದು, ಉಫ್ ಅಂತ ಊದಿ ಕತ್ತಲು ಮಾಡುತ್ತಿದ್ದಳು.

ತಗೊಂಡೆ. ಹತ್ತೊಂಬತ್ತೇ.
ದುಡ್ಡು ಎಣಿಸುತ್ತ ನಾರ್ಮನ್ ಹೇಳಿದ್ದು ಇಷ್ಟು:
ಪ್ಲಗ್ ಕಿತ್ತು ಮೂರು ದಿನವಾದರೂ ಆ ಕೆಂಪು ಟೋಪಿ ಮುಟ್ಟಬೇಡ.
ಹೊಟ್ಟೆಯಲ್ಲಿ ಮಿಂಚು ಕೂತಿರುತ್ತೆ.
ನನ್ನನ್ನು ಎರಡು ಸಲ ಗೋಡೆಗೆ ಒಗೆದಿದೆ.

ಮನೆಗೆ ಒಬ್ಬ ಮುದುಕ ಸಾಲದೆ? ಎಂದಳು ಪಾಲೀನ್,
ಎಂದರೂ ಒಂದು ತುದಿ ಹಿಡಿದಳು.
ಪಕ್ಕದ ಮನೆಯ ಹುಡುಗಿ ಬಾಗಿಲು ತೆರೆದು ಹಿಡಿದಳು,
ಹೆಸರು ಕೀಲಿ, ನಾನಿಟ್ಟದ್ದಲ್ಲ.
ಚೌಕಟ್ಟಿಗೆ ನನ್ನ ಎರಡು ಗೆಣ್ಣಿನ ಚರ್ಮ ಬಿಟ್ಟುಕೊಟ್ಟು ಒಳಗೆ ಬಂದೆವು.

ಮೊದಲ ಬೆಳಕು ಬರಲು ನಿಮಿಷ ಹಿಡಿಯಿತು.
ಎಡಗಡೆಯ ಮೂಲೆ ನೇರಳೆ ತಿಂದ ನಾಲಗೆ.
ಆ ಸುಟ್ಟ ಓಣಿಗಳ ಮೇಲೆ ನಮ್ಮ ಪುಟ್ಟ ವಿಮಾನ
ಪರರ ಊರಿನ ಮೇಲೆ ಹಾರಿದಂತೆ ಹಾರಿತು.
ಕೀಲಿ ನನ್ನನ್ನು ಮೂರು ಸಲ ಸೋಲಿಸಿದಳು.
ತಡ ಪರದೆಯದಲ್ಲ, ಅದು ಖಚಿತವಾಯಿತು.

ಊಟ ಆರುತ್ತಿದೆ ಎಂದು ಒಳಗಿಂದ ಕೂಗು.
ಹುಡುಗಿ ಹೋದ ಮೇಲೆ ಸ್ವಿಚ್ಚು ತಿರುವಿದೆ.
ಚಿತ್ರವೆಲ್ಲ ನಡುವಿಗೆ ಓಡಿ ಬಂದು
ಸಾಸಿವೆಯಷ್ಟಾಗಿ, ಬೆಳ್ಳಗೆ, ನಿಂತಿತು.
ದೊಡ್ಡದು ಮಾಡಿದೆ ಅಮ್ಮ, ಅಂದೆ.
ಅದು ಇನ್ನೂ ಇತ್ತು.
ಎರಡನೆಯ ಕೂಗು ಬಂದಾಗಲೂ ಇತ್ತು.