ಉಕ್ಕು

ರಾತ್ರಿ ಒಂದೂಕಾಲಿಗೆ ಗಣಿಯಲ್ಲಿ ಮದ್ದು ಸಿಡಿಯುತ್ತದೆ,
ಸಾವಿರ ಮೀಟರ್ ಕೆಳಗೆ.
ಕಪಾಟಿನ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಉಲಿಯುತ್ತವೆ.
ಇಂಗಾ ಏಳುವುದಿಲ್ಲ. ಈ ಊರಿನ ಮಗು.
ಅವಳು ಏಳುವುದು ಎರಡಕ್ಕೆ, ತನ್ನದೇ ಸದ್ದಿಗೆ.

ಅಷ್ಟರಲ್ಲಿ ನಾನೆದ್ದು ಕೂತಿರುತ್ತೇನೆ,
ಮೀನಖಂಡದೊಳಗೆ ಇರುವೆ ಸಾಲು,
ಮಂಚದ ಪಟ್ಟಿಗೆ ಪಾದ ಒತ್ತಿ ಹಿಡಿದರೂ
ನಿಲ್ಲದ ಯಾವುದೋ ನಡಿಗೆ.

ಕಳೆದ ವರ್ಷ ಇದೇ ಹೊತ್ತಿಗೆ ನಾನು
ಅರವತ್ತೆಂಟು ವ್ಯಾಗನ್ ಅದಿರು ಬೆನ್ನಿಗೆ ಕಟ್ಟಿಕೊಂಡು
ಕಿರುನಾದಿಂದ ನಾರ್ವಿಕ್ ಬಂದರಿಗೆ ಇಳಿಯುತ್ತಿದ್ದೆ.
ಒಂದೊಂದರಲ್ಲೂ ನೂರು ಟನ್.
ಇಳಿಜಾರಿನಲ್ಲಿ ಆ ಭಾರವೇ ನೂಕುತ್ತದೆ;
ಬ್ರೇಕು ಹಿಡಿದ ಅಂಗೈಗೆ ಗೊತ್ತು
ಕಬ್ಬಿಣ ಅಂದರೆ ಏನು.
ಈಗ ಮೂರು ಮೆಟ್ಟಿಲಿಗೇ
ಒಗೆದ ಬಟ್ಟೆಯ ಬುಟ್ಟಿ ಇಳಿಸಿ ಕೂರುತ್ತೇನೆ.

"ಆರು" ಎಂದಳು ನರ್ಸ್ ಗುನ್ವೊರ್,
ಕನ್ನಡಕ ಹಣೆಗೇರಿಸಿ.
"ರಕ್ತದ ಲೆಕ್ಕ ಹೇಗೋ ನಿಂತಿದೆ.
ಅಂಗಡಿ ಬಾಗಿಲು ತೆರೆದಿದೆ, ದೀಪ ಉರಿಯುತ್ತಿದೆ,
ಹಿಂದೆ ಗೋದಾಮಿನಲ್ಲಿ ಕಸಬರಿಗೆ ಒಂದೇ."
ಹೆರಿಗೆಯಲ್ಲಿ ಹೋದ ರಕ್ತವನ್ನು
ಆಮೇಲೆ ಯಾರೂ ವಿಚಾರಿಸಿರಲಿಲ್ಲ, ನಾನೂ.

ನನಗೆ ನಗು ಬಂತು.
ಕಿಟಕಿಯಾಚೆ ಅದಿರಿನ ಬೆಟ್ಟ.
ಅದರಡಿಯ ಕಬ್ಬಿಣಕ್ಕಾಗಿ ಊರನ್ನೇ
ಎತ್ತಿ ಆಚೆ ಇಡುತ್ತಿದ್ದಾರೆ,
ಚರ್ಚನ್ನೂ ಗಾಲಿಯ ಮೇಲೆ ಕೂರಿಸಿ.
ಇಷ್ಟರ ಮೇಲೆ ಮನೆ ಮಾಡಿ
ನನ್ನೊಳಗೊಂದು ಚಿಟಿಕೆ ಇಲ್ಲ.
ಗುನ್ವೊರ್ ನಗಲಿಲ್ಲ. "ಕಾಫಿ ಎಷ್ಟು ಕುಡೀತೀಯ?"

ಮಂಜುಗಡ್ಡೆಯ ವಿಷಯ ಅವಳಿಗೆ ಹೇಳಲಿಲ್ಲ.
ಸೂರಿನಿಂದ ಇಳಿಬಿದ್ದ ಹಿಮದ ಕೋಲು ಮುರಿದು
ಕಳ್ಳಬೆಕ್ಕಿನ ಹಾಗೆ ಬಾಗಿಲ ಹಿಂದೆ
ಕಟಕಟ ಅಗಿಯುವುದು.
ನಿಲ್ಲಾ ಒಂದು ದಿನ ನೋಡಿದ. ಏನೂ ಅನ್ನಲಿಲ್ಲ.
ಮರುದಿನ ಫ್ರೀಜರಿನಲ್ಲಿ
ಕುದಿಸಿ ಆರಿಸಿದ ನೀರಿನ ಅಚ್ಚು ಇತ್ತು.

ಕಬ್ಬಿಣದ ಕಡಲೆ ಎನ್ನುವ ಮಾತನ್ನು
ಈ ಮಾತ್ರೆ ನುಂಗಿದವರೇ ಕಟ್ಟಿರಬೇಕು.
ದಿನ ಬಿಟ್ಟು ದಿನ, ಬರಿಹೊಟ್ಟೆಗೆ,
ಲಿಂಗನ್ ಹಣ್ಣಿನ ಹುಳಿರಸದ ಜೊತೆ.
ಬಾಯಲ್ಲಿ ನಾಣ್ಯ ನೆಕ್ಕಿದ ರುಚಿ,
ಆಮೇಲಿನ ಕಷ್ಟ ಹೇಳುವಂಥದ್ದಲ್ಲ:
ಹಳಿ ಕೆಳಗಿನ ಜಲ್ಲಿಯಷ್ಟು ಕಪ್ಪು, ಅಷ್ಟೇ ಗಟ್ಟಿ.
ಕಾಫಿ ಎರಡು ಗಂಟೆ ದೂರ.
ಈ ಊರಲ್ಲಿ ಎರಡು ಗಂಟೆ ಕಾಫಿ ಮುಟ್ಟದವರು
ಸ್ಮಶಾನದಲ್ಲಿದ್ದಾರೆ, ಎಂದಳು ಬಿರೆತ್,

ನನ್ನ ಅತ್ತೆ. ಐಸ್‌ಕ್ರೀಮಿನ ಹಳೆ ಡಬ್ಬಿಯಲ್ಲಿ
ಹಿಮಸಾರಂಗದ ರಕ್ತ ಹೆಪ್ಪುಗಟ್ಟಿಸಿ ತಂದಿದ್ದಳು.
ಹಿಟ್ಟು ಕಲಸಿ, ಉಂಡೆ ಕಟ್ಟಿ, ಕುದಿಸಿ,
ಮೇಲೊಂದು ತುಂಡು ಬೆಣ್ಣೆ.
"ತಿನ್ನು. ನಿನ್ನ ಗಂಡನಿಗೆ ಹಾಲು ಬಿಡಿಸುವವರೆಗೂ
ನಾನು ತಿಂದದ್ದು ಇದನ್ನೇ."
ಒಂದು ತಿಂದೆ. ಎರಡು.
ಮೂರನೆಯದರ ಹೊತ್ತಿಗೆ ಅತ್ತುಬಿಟ್ಟೆ, ಯಾಕೋ.
ಬಿರೆತ್ ನಾಲ್ಕನೆಯದನ್ನು ಬಡಿಸಿದಳು.

ಎದೆ ಮಾತ್ರ ಇದ್ಯಾವುದನ್ನೂ ಕೇಳಿಸಿಕೊಂಡಿಲ್ಲ.
"ಮಗುವಿನ ಪಾಲು ಮಗುವಿಗೆ ಹೋಗುತ್ತದೆ,
ಸಾಲ ಬರೆಯುವುದು ನಿನ್ನ ಹೆಸರಲ್ಲಿ"
ಎಂದಿದ್ದಳಲ್ಲ ಗುನ್ವೊರ್.
ಇಂಗಾ ಬಾಯಿಟ್ಟ ಕೂಡಲೆ
ಉಕ್ಕುತ್ತದೆ ಹಾಲು,
ಉಕ್ಕಿಲ್ಲದವಳಲ್ಲಿ.

ದೂರದಲ್ಲಿ ಅದಿರಿನ ರೈಲು ಹೊರಡುತ್ತದೆ.
ಹಳಿಯ ಬೆಸುಗೆ ದಾಟುವ ಸದ್ದಿನಲ್ಲಿ ವ್ಯಾಗನ್ ಎಣಿಸುತ್ತೇನೆ.
ಮೊದಲೆಲ್ಲ ಇಪ್ಪತ್ತಕ್ಕೇ ಲೆಕ್ಕ ತಪ್ಪುತ್ತಿತ್ತು,
ಯೋಚನೆ ತೂತುಬಿದ್ದ ಕಾಲುಚೀಲ.
ನಿನ್ನೆ ಐವತ್ಮೂರರವರೆಗೆ ಹೋದೆ.
ಆಮೇಲೆ ನಿದ್ದೆ ಬಂತು, ಕಾಲು ಸುಮ್ಮನಿತ್ತು.

ಏಪ್ರಿಲ್. "ಹದಿನಾಲ್ಕು" ಎಂದಳು ಗುನ್ವೊರ್,
"ಸಾಲದು, ನಿಲ್ಲಿಸಬೇಡ."
ಮನೆಗೆ ಬಂದರೆ ಸೂರು ತೊಟ್ಟಿಕ್ಕುತ್ತಿತ್ತು.
ಅಭ್ಯಾಸಬಲದಿಂದ ಒಂದು ಹಿಮದ ಕೋಲು ಮುರಿದೆ,
ಇಂಗಾಳ ಮುಂದೆ ಹಿಡಿದೆ. ಮುಟ್ಟಿದಳು, ಬೆಚ್ಚಿದಳು,
ಮತ್ತೆ ಮುಟ್ಟಿದಳು.
ಅದು ನನ್ನ ಕೈಯಲ್ಲೇ ಕರಗಿ ಮೊಣಕೈಗಿಳಿಯಿತು.
ತಿನ್ನಬೇಕಿತ್ತು ಎಂದು ಹೊಳೆದದ್ದು
ಕೈ ಒರೆಸಿಕೊಂಡ ಮೇಲೆ.