ಅರುವತ್ತನಾಲ್ಕು

ಬರೆದುಕೋ. ಮೊದಲ ಕಂತು
ತೊಂಬತ್ತೊಂಬತ್ತರ ಮಾರ್ಚ್, ಶನಿವಾರ, ರಾತ್ರಿ ಎಂಟೂವರೆ.
ಉಪ್ಪಳ ಪೇಟೆಯಲ್ಲಿ ಅಂದುಞಿಯ ಪೈಂಟಿನ ಅಂಗಡಿ,
ಅದರ ಮಾಳಿಗೆಯಲ್ಲಿ ಕೇಬಲ್ಲಿನ ಕೋಣೆ.
ಕೆಮರಾ ಒಂದೇ, ಅದೂ ಮದುವೆಗೆ ಹೋಗುವಂಥದ್ದು;
ನಿಕಾಹ್ ಇದ್ದ ವಾರ ನಮ್ಮ ಆಟ ಇಲ್ಲ.
ಇದನ್ನೂ ಬರೆ. ನಿನ್ನ ಪ್ರಬಂಧದಲ್ಲಿ ಇದಕ್ಕೆ
ಒಂದು ಒಳ್ಳೆಯ ಹೆಸರು ಸಿಕ್ಕೀತು.

ಆಟದ ಹೆಸರು ‘ಅರುವತ್ತೇ ಅರುವತ್ತು’.
ನಡೆಸುವವ ದಯಾಕರ, ಹಗಲು ಮೀನುಪೆಟ್ಟಿಗೆಗೆ ಐಸು ಒಡೆಯುವವ,
ಸಂಜೆಗೆ ಕೋಟು. ಕೋಟಿನ ತೋಳು ಗಿಡ್ಡ.
“ಲೋಕದಲ್ಲಿ ವಿದ್ಯೆ ಅರುವತ್ತನಾಲ್ಕಂತೆ,
ನಮ್ಮಲ್ಲಿ ಅರುವತ್ತೇ! ಉಳಿದ ನಾಲ್ಕು ಯಾರ ಕಿಸೆಯಲ್ಲಿ?”
ಪ್ರತಿ ವಾರ ಇದೇ ಮಾತು. ಪ್ರತಿ ವಾರ ನಗು.

ನಾನು ಗಡಿಯಾರ.
ಅಂದರೆ, ಗಡಿಯಾರ ರಿಪೇರಿಯವ; ಹೊತ್ತು ಹಿಡಿಯಲಿಕ್ಕೆ
ಬೇರೆ ಯಾರು ಸಿಗಬೇಕು?
ಮೊದಲು ಇದ್ದದ್ದು ಅಲಾರಮು, ಐವತ್ತೆಂಟಕ್ಕೇ ಕಿರುಚುತ್ತಿತ್ತು.
ಆಮೇಲೆ ಡ್ರಿಲ್ ಮಾಸ್ಟ್ರ ಸ್ಟಾಪ್‌ವಾಚು,
ಶಾಲೆಯಲ್ಲಿ ಸ್ಪೋರ್ಟ್ಸ್ ಇದ್ದರೆ ವಾಪಸು.

ಎಂತೆಂತ ಆಟ ಕೇಳಿದೆಯಲ್ಲ?
ಕೈ ಹಿಂದೆ ಕಟ್ಟಿ, ಮೈದಾಹಿಟ್ಟಿನ ಬೇಸಿನ್ನಿನಿಂದ
ಹಲ್ಲಿನಲ್ಲಿ ಬಳೆ ಹೆಕ್ಕುವುದು.
ನೆತ್ತಿಯ ಮೇಲೆ ಏಳು ಗೆರಟೆ ಇಟ್ಟು ಏಣಿ ಹತ್ತುವುದು.
ಸೊಂಟಕ್ಕೆ ಟಯರು ಸಿಕ್ಕಿಸಿಕೊಂಡು ಮೊಟ್ಟೆ ದಾಟಿಸುವುದು.
ಸೋತರೆ ತಲೆಗೆ ಒಂದು ಕೊಡ ಬೆಲ್ಲದ ನೀರು.
ಮೂರು ದಿನ ಇರುವೆ ಬಿಡುತ್ತಿರಲಿಲ್ಲ ಮಾಳಿಗೆಯನ್ನು,
ಸೋತವರನ್ನೂ.

ಕೊನೆಯ ಹತ್ತು ಸೆಕೆಂಡು ಜನವೇ ಎಣಿಸಬೇಕು.
ನಾನು ಕೈ ಎತ್ತಿ ಹತ್ತು ಅಂದರೆ ಅರ್ಧ ಕೋಣೆ ಪತ್ತ್;
ಅದು ತುಳುವೂ ಹೌದು, ಮಲಯಾಳವೂ ಹೌದು,
ಅಲ್ಲಿವರೆಗೆ ತಕರಾರಿಲ್ಲ. ಒಂಬತ್ತಕ್ಕೆ ಪಾಲಾಗುತ್ತಿತ್ತು:
ಒರ್ಂಬ, ಒಂಬದ್, ಫೆಲ್ಸಿಬಾಯಿಯ ನೋವ್,
ಕಿಟಕಿ ಕಡೆಯ ಹುಡುಗರ ನೌ.
ಮೂರಕ್ಕೆ ಬರುವಾಗ ಬರೇ ಗದ್ದಲ.
ಸೊನ್ನೆಗೆ ಯಾರ ಭಾಷೆಯೂ ಬೇಕಾಗಲಿಲ್ಲ,
ಎಲ್ಲರದ್ದೂ ಒಂದೇ ಹೋ.

ಇನ್ನು ಸ್ವಲ್ಪ ಪೆನ್ನು ಕೆಳಗಿಡು ಮಾರಾಯ್ತಿ.

ನೂರ ಹನ್ನೊಂದನೇ ಕಂತು. ಬಾಯಾರಿನ ಪೂವಕ್ಕ,
ದಿನಕ್ಕೆ ಎಂಟುನೂರು ಬೀಡಿ ಕಟ್ಟುವವಳು.
ಮಗುಚಿದ ಬಕೆಟ್ಟಿನ ಮೇಲೆ ಒಂಟಿಕಾಲಲ್ಲಿ ನಿಂತು
ಹನ್ನೆರಡು ಸೂಜಿಗೆ ನೂಲು ಪೋಣಿಸಬೇಕು.
ಗೆದ್ದರೆ ಐದು ಲೀಟರಿನ ಕುಕ್ಕರು.
ಹನ್ನೊಂದು ಆಯಿತು. ಕೋಳಿ ಕಾಳು ಹೆಕ್ಕಿದ ಹಾಗೆ ಆಯಿತು.
ಹನ್ನೆರಡನೆಯದರಲ್ಲಿ ನೂಲಿನ ತುದಿ ಸೀಳಿತು.
ನಾಲಿಗೆಗೆ ತಾಗಿಸಿದಳು, ಹೊಸೆದಳು, ಮತ್ತೆ ಸೀಳಿತು.
ಕಾಲು ನಡುಗಲಿಲ್ಲ, ಬಕೆಟ್ಟು ನಡುಗಿತು.

ಐವತ್ತಕ್ಕೆ ಎತ್ತಬೇಕಾದ ಕೈಯನ್ನು
ಐವತ್ತನಾಲ್ಕಕ್ಕೆ ಎತ್ತಿದೆ.
ಯಾಕೆ ಅಂತ ಕೇಳಬೇಡ. ನಾನೂ ನೂಲನ್ನೇ ನೋಡುತ್ತಿದ್ದೆ.
ಜನ ಎಣಿಸಿದ್ದು ಸರಿಯಾಗಿ ಹತ್ತು. ದಯಾಕರನಿಗೆ ಗೊತ್ತಾಗಲಿಲ್ಲ,
ಕೆಮರಾಕ್ಕೆ ಮೊದಲೇ ಗೊತ್ತಾಗುವುದಿಲ್ಲ.
ಹೋ ಅನ್ನುವ ಮುಂಚೆ ನೂಲು ದಾಟಿತು.

ಮಂಗಳವಾರ ಅಂಗಡಿಗೆ ಬಂದಳು,
ಮಗಳ ವಾಚಿಗೆ ಸೆಲ್ ಹಾಕಿಸಲಿಕ್ಕೆ.
ಮೂವತ್ತೈದು ಅಂದೆ. ಸೆರಗಿನ ಗಂಟು ಬಿಚ್ಚಿ
ಗಾಜಿನ ಮೇಲೆ ಒಂದೊಂದೇ ಇಟ್ಟಳು.
“ನಾಲ್ಕು ಹೆಚ್ಚುಂಟು” ಅಂದೆ.
“ಎಣಿಸಿಯೇ ಕೊಟ್ಟದ್ದು” ಅಂದಳು.
ವಾಚನ್ನು ಕಿವಿಗಿಟ್ಟು ಕೇಳಿ, ಬಸ್ಸಿಗೆ ಹೋದಳು.

ಈಗ ಬರೆ. ಕೊನೆಯ ಕಂತು ಯಾವಾಗ? ಯಾರಿಗೂ ನೆನಪಿಲ್ಲ.
ಮನೆಮನೆಯ ತಾರಸಿಗೆ ಡಿಶ್ ಬಂತು,
ಕುಂಬಳೆಯ ಮಕ್ಕಳಿಗೂ ದೊಡ್ಡ ಚಾನೆಲಿನ ಹಾವು, ಬೆಂಕಿ, ಹೆಲಿಕಾಪ್ಟರು.
ಟೇಪುಗಳ ಮೇಲೆ ಅಂದುಞಿ ಮದುವೆಗಳನ್ನು ತೆಗೆದ;
ಎಲ್ಲೋ ಒಂದು ಬಿರಿಯಾನಿಯ ಅಡಿಯಲ್ಲಿ
ಪೂವಕ್ಕ ಈಗಲೂ ಒಂಟಿಕಾಲಲ್ಲಿ ನಿಂತಿರಬಹುದು.

ಡ್ರಿಲ್ ಮಾಸ್ಟ್ರು ವರ್ಗವಾಗಿ ಹೋದರು, ಸ್ಟಾಪ್‌ವಾಚು ಇಲ್ಲೇ ಉಳಿಯಿತು.
ಬೇಕಾದರೆ ಒತ್ತಿ ನೋಡು, ಫೋಟೋ ತೆಗಿ.
ಸರಿಯಾಗಿಯೇ ನಡೆಯುತ್ತದೆ.
ಆವಾಗಲೂ ಅದು
ಸರಿಯಾಗಿಯೇ ನಡೆಯುತ್ತಿತ್ತು.