ಕಂದು, ಕೆಂಪು

ಸಲಹಾ ಕೇಂದ್ರದ ಗೋಡೆಗೆ ಅರಬಿಯಲ್ಲೂ ಇಂಗ್ಲಿಷಿನಲ್ಲೂ
ಬರೆದು ಅಂಟಿಸಿದ್ದಾರೆ: ನಮ್ಮ ಬಾಗಿಲು ಸದಾ ತೆರೆದಿದೆ.
ನಿಜ, ತೆರೆದೇ ಇದೆ.
ಅದೇ ತೊಂದರೆ.
ಕ್ಯಾಂಟೀನಿಗೆ ಹೋಗುವವರಿಗೆಲ್ಲ ಕಾಣುತ್ತದೆ
ಒಳಗೆ ಕೂತವರ ಬೆನ್ನು, ಬ್ಯಾಗು, ಟಿಶ್ಯೂ ಡಬ್ಬಿ.

ಮೇಡಮ್ಮು ಒಳ್ಳೆಯವರು, ಅನುಮಾನವಿಲ್ಲ.
ಆದರೆ ಅವರು ಕೊಡುವ ಫಾರ್ಮಿನ ಮೂರನೇ ಸಾಲು
ತಂದೆಯ ಮೊಬೈಲ್ ನಂಬರು.
ಅವರ ಗಂಡ ಶುಕ್ರವಾರ ಶಟಲ್ ಆಡುವುದು
ರೂವಿಯಲ್ಲಿ, ನನ್ನ ಉಪ್ಪನ ಗುಂಪಿನಲ್ಲಿ.
ಮಸ್ಕತ್ ದೊಡ್ಡದು, ಕಡಲಗುಂಟ ಮೈಲುಗಟ್ಟಲೆ;
ನಮ್ಮವರ ಮಸ್ಕತ್ ಮಾತ್ರ
ಒಂದು ವಾಟ್ಸಾಪ್ ಗುಂಪಿನಷ್ಟು.

"ಅರ್ಥವಾಯಿತಾ?" ಎಂದು ಪ್ರೊಫೆಸರು ಕೇಳಿದಾಗಲೆಲ್ಲ
ನಲವತ್ತು ತಲೆಗಳ ಜೊತೆ ನನ್ನದೂ ತೂಗಿತು.
ಎರಡು ಸೆಮಿಸ್ಟರು ತೂಗಿತು.
ವಾದಿ ಕಬೀರಿನ ಟೈಲ್ಸ್ ಗೋಡೌನಿನಲ್ಲಿ ಲೆಕ್ಕ ಬರೆಯುವ ಉಪ್ಪ
ಕ್ರೆಡಿಟ್ಟಿಗೆ ಇಷ್ಟು ರಿಯಾಲು ಎಂದು
ಕ್ಯಾಲೆಂಡರಿನ ಬೆನ್ನಿಗೆ ಕೂಡಿಸುತ್ತಾರೆ,
ನನಗೆ ಕೇಳದ ಹಾಗೆ ತುಟಿ ಅಲ್ಲಾಡಿಸುತ್ತ.
ಪ್ರೊಬೇಷನ್ ಪತ್ರ ಒಂಬತ್ತು ದಿನದಿಂದ
ಬ್ಯಾಗಿನಲ್ಲಿ, ಲ್ಯಾಪ್‌ಟಾಪಿನ ಕೆಳಗೆ,
ಬೆಚ್ಚಗೆ.

ಮೊನ್ನೆ ಸೋಮವಾರ ಲ್ಯಾಬು ಖಾಲಿ.
ಉಸ್ತಾದ್ ತಿಜಾನಿ, ಓಮ್ದುರ್ಮಾನಿನವರು,
ಹದಿನೇಳು ವರ್ಷದಿಂದ ಆ ಕೀಲಿಗೊಂಚಲಿನ ಯಜಮಾನರು,
ನನ್ನ ಕರೆದು ಒಂದು ರೆಸಿಸ್ಟರು ಅಂಗೈಯಲ್ಲಿಟ್ಟರು,
ಸತ್ತ ಇರುವೆ ತೋರಿಸುವವರಂತೆ.
"ಈ ಪಟ್ಟಿ ಕಂದೋ, ಕೆಂಪೋ?"

ತಮಾಷೆಯೆಂದುಕೊಂಡೆ. ಪರೀಕ್ಷೆಯೆಂದುಕೊಂಡೆ.
"ನನಗೆ ಎರಡೂ ಒಂದೇ," ಅಂದರು, "ಹುಟ್ಟಿದಾಗಿನಿಂದ.
ಮೀಟರಿನಿಂದ ಅಳೆಯುತ್ತೇನೆ. ಇವತ್ತು ಅದರ ಬ್ಯಾಟರಿ ಸತ್ತಿದೆ.
ಆಫೀಸಿಗೆ ಗೊತ್ತಿಲ್ಲ."

ಆಮೇಲೆ ಸುಮ್ಮನಾದರು. ಯಾರಿಗೂ ಹೇಳಬೇಡ ಎಂದೂ ಅನ್ನಲಿಲ್ಲ.
ಎಸಿ ಗೊರಗುಟ್ಟಿತು.
ಒಬ್ಬರ ಹದಿನೇಳು ವರ್ಷದ ಅನ್ನ
ನನ್ನ ನಾಲಗೆಯ ಮೇಲೆ ಇಟ್ಟಂತಿತ್ತು;
ನುಂಗುವಂತಿಲ್ಲ, ಉಗುಳುವಂತಿಲ್ಲ.

"ಕಂದು," ಅಂದೆ. "ಕಂದು, ಕಪ್ಪು, ಕೆಂಪು."
"ಹಾಗಾದರೆ ಸಾವಿರ," ಎಂದು ಸಾವಿರದ ಡಬ್ಬಿಗೆ ಹಾಕಿದರು.
ಹೀಗೆ ಮೂವತ್ತೆಂಟು ಆರಿಸಿದೆವು.

ಮೂವತ್ತೊಂಬತ್ತನೆಯದರ ಹೊತ್ತಿಗೆ
ನನ್ನ ಬಾಯಿ, ನನ್ನನ್ನು ಕೇಳದೆ,
"ಉಸ್ತಾದ್, ನನಗೆ ಕರೆಂಟೇ ಗೊತ್ತಿಲ್ಲ" ಅಂದಿತು.
"ಅಂದರೆ?"
"ಎಲ್ಲಿಂದ ಹೊರಡುತ್ತದೆ, ಯಾಕೆ ಕವಲಾಗುತ್ತದೆ.
ಮೊದಲ ಪುಟದಿಂದ ಗೊತ್ತಿಲ್ಲ."

ಅವರು ನಗಲಿಲ್ಲ. ಪರವಾಗಿಲ್ಲ ಅನ್ನಲೂ ಇಲ್ಲ.
ಎದ್ದು ಹೋಗಿ
ಬಾಗಿಲು ಹಾಕಿಕೊಂಡು ಬಂದರು.

ಒಂದು ಗಂಟೆ, ಒಂದು ಬಲ್ಬು, ಎರಡು ತಂತಿ.
ಕವಲಿನ ತನಕ ಬಂದೆವು, ಅಷ್ಟೇ.
ನಾಳೆ ಬರುವಾಗ ಮೀಟರಿಗೊಂದು
ಒಂಬತ್ತು ವೋಲ್ಟಿನ ಬ್ಯಾಟರಿ ತಾ ಎಂದಿದ್ದಾರೆ.

ರೂವಿಯಲ್ಲಿ ಕೊಂಡೆ.
ಅದೂ ಈಗ ಬ್ಯಾಗಿನಲ್ಲಿದೆ, ಪತ್ರದ ಪಕ್ಕ.
ಬ್ಯಾಟರಿ ಕೊಟ್ಟರೆ ಅವರಿಗೆ ನನ್ನ ಕಣ್ಣು ಬೇಕಾಗುವುದಿಲ್ಲ,
ಪತ್ರ ಕೊಟ್ಟರೆ ಉಪ್ಪ ಕ್ಯಾಲೆಂಡರು ತಿರುಗಿಸುತ್ತಾರೆ.
ಯಾವುದನ್ನು ಮೊದಲು ಹೊರಗೆ ತೆಗೆಯಲಿ ಎಂದು
ಬಸ್ಸು ದಾರ್ಸೈತ್ ದಾಟುವ ತನಕ
ಜಿಪ್ಪಿನ ಮೇಲೆ ಕೈಯಿಟ್ಟು ಕೂತಿದ್ದೆ.